ಊರಿನ ನಾಟಕಕ್ಕೆ ಅನುಮತಿ ಬೇಕೇ?

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಗಣೇಶನ ಹಬ್ಬಕ್ಕೆ ನಾಟಕ ಆಡಲಿದೆ. ಬರೆದವರು ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಪುಸ್ತಕದಲ್ಲಿ 'ಎಲ್ಲ ಹಕ್ಕುಗಳು ಲೇಖಕರವು' ಎಂದಿದೆ. ಟಿಕೆಟ್ ಇಲ್ಲ. ಆಮೇಲೆ ವಿಡಿಯೊ ಯೂಟ್ಯೂಬ್‌ಗೆ ಹಾಕುತ್ತೇವೆ. ತೊಂದರೆ ಆಗುತ್ತದೆಯೇ?
— ಒಬ್ಬ ಓದುಗ, ಸಾಗರ

ಉತ್ತರ: ನಾಟಕ ಧೈರ್ಯವಾಗಿ ಆಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ನಿಮ್ಮಂಥವರಿಗಾಗಿಯೇ ಬಾಗಿಲು ತೆರೆದಿಟ್ಟಿದೆ. ಹವ್ಯಾಸಿ ಸಂಘ ಹಣ ಕೊಡದ ಪ್ರೇಕ್ಷಕರ ಮುಂದೆ ನಾಟಕ ಆಡಿದರೆ ಅದು ಉಲ್ಲಂಘನೆಯಲ್ಲ. ಪುಸ್ತಕದಲ್ಲಿ ಏನೇ ಅಚ್ಚಾಗಿದ್ದರೂ ಈ ವಿನಾಯಿತಿ ಉಳಿಯುತ್ತದೆ. ಊರೂರಲ್ಲಿ ನಾಟಕ ಬದುಕಿರಬೇಕಾದರೆ ಇಷ್ಟಾದರೂ ಬೇಕು, ಅಲ್ವಾ?

ಯೂಟ್ಯೂಬ್ ವಿಷಯ ಬೇರೆ. ಈ ವಿನಾಯಿತಿ ಪ್ರದರ್ಶನಕ್ಕೆ ಮಾತ್ರ. ಚಿತ್ರೀಕರಿಸಿ ಜಗತ್ತಿಗೆ ಹಂಚಲು ಹಕ್ಕುದಾರರ ಒಪ್ಪಿಗೆ ಬೇಕು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಸಾಮಾನ್ಯವಾಗಿ ವಾರಸುದಾರರ ಕೈಯಲ್ಲಿರುತ್ತದೆ. ಮರಣದ ಮರುವರ್ಷದ ಜನವರಿಯಿಂದ ಲೆಕ್ಕ. ಟಿ.ಪಿ. ಕೈಲಾಸಂ 1946ರಲ್ಲಿ ತೀರಿಕೊಂಡರು. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ನಾಟಕಗಳು 2007ರಿಂದ ಎಲ್ಲರವೂ ಆಗಿವೆ. ನಿಮ್ಮ ನಾಟಕಕ್ಕೆ ಆ ಕಾಲ ಇನ್ನೂ ಬಂದಿಲ್ಲ. ಮನೆಯವರಿಗೆ ಪತ್ರ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಕರಪತ್ರದಲ್ಲಿ ನಾಟಕಕಾರರ ಹೆಸರು ಮರೆಯಬೇಡಿ. ಒಬ್ಬ ನಾಟಕಕಾರರ ಮಗಳು ನನ್ನ ಬಳಿ ಬಂದಿದ್ದರು. ಹಣ ಕೇಳಲಿಲ್ಲ. ಅಪ್ಪನ ಹೆಸರೇ ಇಲ್ಲದ ಕರಪತ್ರ ತೋರಿಸಿ ಅತ್ತರು. 57ನೇ ಸೆಕ್ಷನ್ ಈ ಗೌರವವನ್ನೂ ಹಕ್ಕು ಎಂದೇ ಕಾಯುತ್ತದೆ. ಲೇಖಕರ ಮಾನಕ್ಕೆ ಕುಂದು ಬರುವಂತೆ ಸಂಭಾಷಣೆ ತಿರುಚುವುದನ್ನೂ ತಡೆಯುತ್ತದೆ. ಉದ್ದ ಜಾಸ್ತಿ ಎಂದು ದೃಶ್ಯ ಕತ್ತರಿಸುವುದಿದ್ದರೆ ಅದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ.