ಗಂಟು ಕಟ್ಟಿದ ಮಾತ್ರಕ್ಕೆ ಪ್ರೋಟೀನ್ ಪೌಡರ್ ನಕಲಿ ಅಲ್ಲ

ನಮಸ್ಕಾರ. ಚಿಕ್ಕಮಗಳೂರಿನಿಂದ ನೀವು ಕಳಿಸಿದ ಪ್ರೋಟೀನ್ ಪೌಡರ್ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ.

ಇಡೀ ಲೇಖನ ಒಂದೇ ಮಾತಿನ ಮೇಲೆ ನಿಂತಿದೆ: ನೀರಿಗೆ ಹಾಕಿದ ಕೂಡಲೇ ಬೆರೆತರೆ ಅಸಲಿ, ಗಂಟು ಕಟ್ಟಿದರೆ ನಕಲಿ. ಇದು ತಪ್ಪು. ಇದನ್ನು ನಂಬಿದವರು ದುಡ್ಡು ಕೊಟ್ಟು ತಂದ ಒಳ್ಳೆಯ ಡಬ್ಬವನ್ನು ಸುಮ್ನೆ ಎಸೆಯುತ್ತಾರೆ, ಇಲ್ಲವೇ ಚೆನ್ನಾಗಿ ಬೆರೆಯಿತು ಅಂತ ಕಳಪೆಯದನ್ನೇ ಕುಡಿಯುತ್ತಾರೆ.

ಗಂಟು ಯಾಕೆ ಆಗುತ್ತದೆ ಅಂತ ನೀವು ಎಲ್ಲೂ ಕೇಳಿಲ್ಲ. ಕುದಿಯುವ ನೀರಿಗೆ ರಾಗಿಹಿಟ್ಟು ಒಮ್ಮೆಲೇ ಸುರಿದರೆ ಏನಾಗುತ್ತದೆ ಅಂತ ನಮ್ಮ ಹಾಸನದ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ, ಹೊರಗಿನ ಪದರ ಅಂಟಾಗಿ ಮುಚ್ಚಿಕೊಂಡು ಒಳಗೆ ಹಿಟ್ಟು ಒಣಗೇ ಉಳಿಯುತ್ತದೆ. ಪ್ರೋಟೀನ್ ಪುಡಿಯಲ್ಲಿ ತಣ್ಣೀರಿನಲ್ಲೇ ಹಾಗಾಗುತ್ತದೆ. ಪುಡಿ ತೀರಾ ನುಣ್ಣಗಿದ್ದರೆ ನೀರು ಒಳಗೆ ಇಳಿಯಲು ಸಂದು ಇರುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಪುಡಿಗೆ ಸ್ವಲ್ಪ ತೇವ ಕೊಟ್ಟು, ಕಣಗಳನ್ನು ಒಂದಕ್ಕೊಂದು ಅಂಟಿಸಿ, ಮತ್ತೆ ಒಣಗಿಸುತ್ತಾರೆ. ಹೀಗೆ ಮಾಡಿದ ಸಣ್ಣ ಹರಳುಗಳಲ್ಲಿ ತೂತುಗಳಿರುತ್ತವೆ, ನೀರು ಸಲೀಸಾಗಿ ನುಗ್ಗುತ್ತದೆ. ಇನ್ನೊಂದು, ಕಣದ ಮೇಲಿನ ಕೊಬ್ಬು ನೀರನ್ನು ಹತ್ತಿರ ಬಿಡುವುದಿಲ್ಲ. ಅದಕ್ಕೆ ಸೋಯಾ ಅಥವಾ ಸೂರ್ಯಕಾಂತಿಯಿಂದ ತೆಗೆದ, ಕೊಬ್ಬನ್ನೂ ನೀರನ್ನೂ ಬೆಸೆಯುವ ಲೆಸಿಥಿನ್ ಸವರುತ್ತಾರೆ. ಡಬ್ಬದ ಹಿಂದೆ ಐಎನ್‌ಎಸ್ 322 (ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೊಡುವ ಸಂಖ್ಯೆ) ಅಂತ ಇದ್ದರೆ ಅದು ಲೆಸಿಥಿನ್. ಅದಿಲ್ಲದ ಅಪ್ಪಟ ವೇ (ಹಾಲು ಒಡೆಸಿದಾಗ ಉಳಿಯುವ ತಿಳಿನೀರಿನ ಪ್ರೋಟೀನ್) ಗಂಟು ಕಟ್ಟಬಹುದು, ಅದಿರುವ ಸಾಧಾರಣ ಪೌಡರ್ ಥಟ್ಟನೆ ಬೆರೆಯಬಹುದು. ನಿಮ್ಮ ಪರೀಕ್ಷೆ ಇಲ್ಲೇ ಬಿದ್ದುಹೋಯಿತು, ಅಲ್ವಾ?

ವೇ, ಕೇಸಿನ್ (ಹಾಲು ಒಡೆದಾಗ ಗಟ್ಟಿಯಾಗುವ ಪ್ರೋಟೀನ್), ಬಟಾಣಿ ಮೂರಕ್ಕೂ ನೀವು ಒಂದೇ ಅಳತೆಯಲ್ಲಿ ಅಂಕ ಕೊಟ್ಟಿದ್ದೀರಿ. ವೇ ಕರಗುತ್ತದೆ. ಕೇಸಿನ್ ನೀರು ಹೀರಿ ಮಂದವಾಗುತ್ತದೆ, ಅದರ ಗುಣವೇ ಅದು. ಬಟಾಣಿಯದರಲ್ಲಿ ಕರಗದ ಭಾಗ ಜಾಸ್ತಿ, ನಾಲಿಗೆಗೆ ತರಿತರಿ. ಇನ್ನು ಬಿಸಿ ಕಾಫಿಗೆ ವೇ ಹಾಕಿದಾಗ ಒಡೆದದ್ದು ಕಲಬೆರಕೆಯಿಂದ ಅಂತ ಬರೆದಿದ್ದೀರಿ. ಸುಮಾರು 70 ಡಿಗ್ರಿ ದಾಟಿದರೆ ವೇ ಪ್ರೋಟೀನಿನ ರಚನೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅಪ್ಪಟ ವೇ ಕೂಡ ಒಡೆಯುತ್ತದೆ.

ಮೂಡಿಗೆರೆಯಲ್ಲಿ ಮಳೆಗಾಲಕ್ಕೆ ಗೆಳೆಯರ ಡಬ್ಬ ಕಲ್ಲಾಯಿತು ಅಂತ ಅರ್ಧ ಸಾಲು ಬರೆದು ಮುಂದೆ ಹೋಗಿದ್ದೀರಲ್ಲ, ನನಗೆ ತುಂಬ ಇಷ್ಟವಾದದ್ದು ಅದೇ. ಮಲೆನಾಡಿನಲ್ಲಿ ಬದುಕಿದವರು ಮಾತ್ರ ಬರೆಯಬಹುದಾದ ಮಾತು. ಪುಡಿಯಲ್ಲಿರುವ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಗಾಳಿಯ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ, ಹೆಚ್ಚು ಶುದ್ಧಗೊಳಿಸಿದ ವೇ ಆದ ಐಸೊಲೇಟ್‌ಗಿಂತ ಕಡಿಮೆ ಶುದ್ಧಗೊಳಿಸಿದ ಕಾನ್ಸಂಟ್ರೇಟ್‌ನಲ್ಲಿ ಲ್ಯಾಕ್ಟೋಸ್ ಜಾಸ್ತಿ. ಲೇಖನವನ್ನು ಅಲ್ಲಿಂದಲೇ ಶುರು ಮಾಡಿ. ಗೆಳೆಯರು ಡಬ್ಬ ಎಲ್ಲಿಟ್ಟಿದ್ದರು, ಒದ್ದೆ ಸ್ಕೂಪ್ ಒಳಗೇ ಬಿಡುತ್ತಿದ್ದರಾ, ಕೇಳಿ ಬರೆಯಿರಿ.

ಅಂಕಪಟ್ಟಿ ತೆಗೆದುಹಾಕಿ. ಅದರ ಜಾಗದಲ್ಲಿ ಎರಡು ಡಬ್ಬದ ಲೇಬಲ್ ಓದಿ, 100 ಗ್ರಾಂ ಪುಡಿಯಲ್ಲಿ ಪ್ರೋಟೀನ್ ಎಷ್ಟು ಅಂತ ಲೆಕ್ಕ ಮಾಡಿ ತೋರಿಸಿ. ನೀರು ಮೊದಲು, ಪುಡಿ ಆಮೇಲೆ ಅನ್ನುವ ಸಾಲು ಸರಿಯಾಗಿದೆ, ಹಾಗೇ ಇರಲಿ.