ಲಕ್ಕುಂಡಿಯಂಥ ಸಣ್ಣ ಊರಲ್ಲಿ ಅಷ್ಟೊಂದು ಗುಡಿ, ಬಾವಿಗಳು ಏಕಿವೆ?

ಲಕ್ಕುಂಡಿ ಇಂದು ಗದಗ ಜಿಲ್ಲೆಯ ಒಂದು ಹಳ್ಳಿ, ಆದರೆ ಶಾಸನಗಳ ಲೊಕ್ಕಿಗುಂಡಿ ದೊಡ್ಡ ಪಟ್ಟಣ. ಇಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆಯಿತ್ತು. 12ನೇ ಶತಮಾನದ ಕೊನೆಯಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಇಲ್ಲಿಂದಲೇ ಆಳಿದ. ಹಣ, ಅಧಿಕಾರ ಎರಡೂ ಇದ್ದ ಊರಾದ್ದರಿಂದ ಕಟ್ಟಿಸುವವರಿಗೆ ಕೊರತೆಯಿರಲಿಲ್ಲ.

ಮೊದಲು ಬ್ರಹ್ಮ ಜಿನಾಲಯ ನೋಡಿ. ರನ್ನನಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು, 1007ರ ಶಾಸನವಿದೆ. ಹೆಸರು ಕೇಳಿ ಬ್ರಹ್ಮನ ಗುಡಿ ಅಂದುಕೊಳ್ಳುವವರು ಬಹಳ; ಇದು ಜೈನ ಬಸದಿ, ಒಳಗೆ ನಾಲ್ಕು ಮುಖದ ಬ್ರಹ್ಮನ ವಿಗ್ರಹವೂ ಇದೆ ಅಷ್ಟೆ.

ಕಲ್ಲನ್ನು ಗಮನಿಸುವುದು ಮುಖ್ಯ. ಬಾದಾಮಿ, ಐಹೊಳೆಯದು ಮರಳುಗಲ್ಲು; ಇಲ್ಲಿಯದು ನುಣುಪಾದ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿಯೇ ಕಂಬಗಳನ್ನು ತಿರುಗಿಸಿ ಕಡೆಯಲು, ಬಾಗಿಲವಾಡದಲ್ಲಿ ಬೆರಳಗಲದ ಬಳ್ಳಿ ಬಿಡಿಸಲು ಸಾಧ್ಯವಾಯಿತು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲ ಮುಂದೆ ಹತ್ತು ನಿಮಿಷವಾದರೂ ನಿಲ್ಲಿ, ಪಟ್ಟಿಯ ಮೇಲೆ ಪಟ್ಟಿ, ಪ್ರತಿಯೊಂದರ ಕೆತ್ತನೆಯೂ ಬೇರೆ. ಅಲ್ಲಿ ಶಿವನ ಗುಡಿಗೆ ಎದುರಾಗಿ, ಅದೇ ಜಗತಿಯ (ಎತ್ತರದ ಕಟ್ಟೆಯ) ಮೇಲೆ ಸೂರ್ಯನ ಗುಡಿಯಿದೆ. ಸೂರ್ಯನ ಗುಡಿ ಪಶ್ಚಿಮಕ್ಕೆ ಮುಖ ಮಾಡಿರುವುದು ಅಪರೂಪ.

ಬಾವಿಗಳಲ್ಲಿ ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿಯನ್ನು ಬಿಡಬೇಡಿ: ಮೂರು ಕಡೆ ಮೆಟ್ಟಿಲು, ಗೋಡೆಗಳಲ್ಲಿ ಪುಟ್ಟ ಗುಡಿಗಳಂಥ ಗೂಡುಗಳು.