ಅವನು ನನಗೆ ಮಾತ್ರ ಹೇಳಿದ್ದ

ಅವರನ್ನು ಇಲ್ಲಿ ಸುಧಾ ಅಂತ ಕರೆಯುತ್ತೇನೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ಮಕ್ಕಳ ಪಾಲನಾ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಹತ್ತು ದಿನದಿಂದ ನಿದ್ದೆ ಇಲ್ಲ ಅಂತ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದರು.

ಹತ್ತು ದಿನದ ಹಿಂದೆ ಮೊದಲ ಸಲ ಶಾಸಕರೊಬ್ಬರನ್ನು ಭೇಟಿಯಾಗಿದ್ದರು. 18 ತುಂಬಿ ಕೇಂದ್ರ ಬಿಡುವವರಿಗೆ ಇನ್ನೂ ಕೆಲವು ವರ್ಷ ಆಸರೆ ಸಿಗಲಿ ಅನ್ನುವ ತಿದ್ದುಪಡಿಗೆ ಬೆಂಬಲ ಕೇಳಲು. ಸಿಕ್ಕಿದ್ದು ಏಳೇ ನಿಮಿಷ. ಬರೆದುಕೊಂಡು ಹೋದದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಒಬ್ಬ ಹುಡುಗನ ವಿಷಯ. ಕೇಂದ್ರ ಬಿಟ್ಟ ಮೇಲೆ ಬಸ್ ನಿಲ್ದಾಣದಲ್ಲಿ ಮಲಗಿದ್ದು, ಅವನ ತಾಯಿಯ ವಿಷಯ, ಎಲ್ಲ ಹೇಳಿಬಿಟ್ಟರು. ಶಾಸಕರು "ಪಾಪ" ಅಂದರು. ಪೆನ್ನಿನ ಕ್ಯಾಪ್ ಮುಚ್ಚಿ, "ನೋಡೋಣ" ಅಂದರು.

"ಎಲ್ಲ ಕೆಡಿಸಿದೆ ಮೇಡಂ" ಅಂತ ಮೂರು ಸಲ ಹೇಳಿದರು. ಆ ಚೀಟಿ ಇನ್ನೂ ಬ್ಯಾಗಿನಲ್ಲೇ ಇತ್ತು. ನಾಲ್ಕು ಮಡಿಕೆ, ಬೆವರಿಗೆ ಅಕ್ಷರ ಕಲಸಿಹೋಗಿತ್ತು. ಸೋಲಿನ ಬೇಸರ ಅಂತಲೇ ನಾನೂ ಅಂದುಕೊಂಡೆ. ಆದರೂ ಕೇಳಿದೆ, ರಾತ್ರಿ ಯಾವುದು ನೆನಪಾಗುತ್ತೆ? ತುಂಬ ಹೊತ್ತು ಸುಮ್ಮನಿದ್ದರು.

"ತಾಯಿ ವಿಷಯ ಅವನು ನನಗೆ ಮಾತ್ರ ಹೇಳಿದ್ದ."

ಇದನ್ನು ಸಮಾಧಾನ ಹೇಳಿ ಮುಚ್ಚಬಾರದು ಅನ್ನಿಸಿತು. ಅವರ ಮನಸ್ಸು ಸರಿಯಾದ ಜಾಗದಲ್ಲೇ ನೋಯುತ್ತಿತ್ತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿನ ಮಾತಿಗೆ ಬೆಲೆ ಕೊಡಿ ಅನ್ನುತ್ತದೆ, 16ನೇ ವಿಧಿ ಮಗುವಿನ ಖಾಸಗಿತನ ಕಾಯುತ್ತದೆ. ಹುಡುಗನಿಗೆ ಈಗ 18 ದಾಟಿದೆ ನಿಜ. ಚಿಕ್ಕವನಾಗಿದ್ದಾಗ ನಂಬಿ ಹೇಳಿದ ಮಾತಿಗೆ ವಯಸ್ಸು ದಾಟುವುದಿಲ್ಲ, ಅಲ್ವಾ?

ನಾನು ಹೇಳಿದ್ದು ಇಷ್ಟು. ಬೇರೆಯವರಿಂದ ತಿಳಿಯುವ ಮೊದಲು ನೀವೇ ಅವನಿಗೆ ಹೇಳಿ. ಯಾರ ಮುಂದೆ, ಏನೇನು ಹೇಳಿದಿರಿ ಅಂತ ಪೂರ್ತಿ ಹೇಳಿ. ಅಳಬೇಕು ಅನ್ನಿಸಿದರೆ ಇಲ್ಲಿ ಅಳಿ. ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವನ ಮೇಲೆ ಬೀಳಬಾರದು. ಮುಂದೆ ಹೇಳಬಹುದಾ, ಏನು ಬಿಡಬೇಕು ಅಂತ ಕೇಳಿ. ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಕಾರಣ ಕೇಳಬೇಡಿ.

ಶಾಸಕರ ಭೇಟಿಯ ಕೆಲಸ ಇನ್ನೂ ಬಾಕಿ ಇತ್ತು. ಅರ್ಧ ಪುಟದ ಪತ್ರ ಬರೆಯಿರಿ ಅಂದೆ. ಯಾವ ಕಲಂ, ಏನು ಬದಲಾಗಬೇಕು, ಅಷ್ಟೇ ಸಾಕು. ಆಪ್ತ ಸಹಾಯಕರ ಕೈಗೂ ಒಂದು ಪ್ರತಿ ಕೊಡಿ. ಮುಂದಿನ ಸಲ ಇಬ್ಬರು ಹೋಗಿ, ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಹೊರಗೆ ಬಂದ ಮೇಲೆ ಹತ್ತು ನಿಮಿಷ ಜೊತೆಗೆ ಕೂತು ಮಾತಾಡಿ, ಒಬ್ಬರೇ ಮನೆಗೆ ಹೊತ್ತುಕೊಂಡು ಹೋಗಬೇಡಿ. "ನೋಡೋಣ" ಅಂದರೆ ಇಲ್ಲ ಅಂತಲ್ಲ. ಆ ಒಡಂಬಡಿಕೆಯ ಪ್ರಸ್ತಾಪವನ್ನು ಪೋಲೆಂಡ್ ಇಟ್ಟದ್ದು 1978ರಲ್ಲಿ, ಅದು ಅಂಗೀಕಾರವಾದದ್ದು 1989ರ ನವೆಂಬರ್ 20ಕ್ಕೆ. ಇದನ್ನು ಕೇಳಿ ಸುಧಾ ಬೆರಳು ಮಡಚಿ ವರ್ಷ ಎಣಿಸಿದರು.

ನನ್ನ ಹತ್ತಿರ ಮೂರನೇ ಸಲ ಬರುವಷ್ಟರಲ್ಲಿ ಹುಡುಗನ ಹತ್ತಿರ ಮಾತಾಡಿದ್ದರು. ಅವನು ಸಿಟ್ಟಾದನಂತೆ, ಎದ್ದು ಹೋದನಂತೆ. ಎರಡು ದಿನ ಬಿಟ್ಟು ತಾನೇ ಫೋನ್ ಮಾಡಿದ್ದ. "ಬಸ್ ನಿಲ್ದಾಣದ್ದು ಹೇಳಿ ಅಕ್ಕ. ಅಮ್ಮನದ್ದು ಬೇಡ."

ನಿದ್ದೆ ಇನ್ನೂ ಪೂರ್ತಿ ಬರುತ್ತಿಲ್ಲ, ಮಧ್ಯೆ ಒಂದು ಸಲ ಎಚ್ಚರವಾಗುತ್ತದೆ. ಶಾಸಕರಿಗೆ ಬರೆದ ಪತ್ರವನ್ನು ನನಗೆ ತೋರಿಸಿದರು. ಅರ್ಧ ಪುಟಕ್ಕಿಂತ ಸ್ವಲ್ಪ ಜಾಸ್ತಿಯೇ ಇತ್ತು. ತಾಯಿಯ ಮಾತು ಎಲ್ಲೂ ಇರಲಿಲ್ಲ.